ಮಲ್ಲಿನಾಥ ಸರ್ ಮೇಲೆ ತೀರಿಸಿಕೊಂಡ ಸೇಡು

ಕರೆಂಟ್ ಹೋಗಬಹುದಿತ್ತು. ಹೋಗದಿದ್ದರೆ ಮೈಕು ಕೈಕೊಡಬಹುದಿತ್ತು. ಮಲ್ಲಿನಾಥ ಸರ್ ತಮ್ಮ ಚಾಳೀಸು ಕನ್ನಡಕವನ್ನು ಮನೆಯಲ್ಲೇ ಮರೆತು ಬಂದು, ನಾನು ಕೊಟ್ಟ ಹಾಳೆಗಳನ್ನು ‘ನೀನ ಓದಿ ಹೇಳಪಾ’ ಎಂದು ನನಗೇ ತಿರುಗಿಸಬಹುದಿತ್ತು. ಎಷ್ಟು ವೇಷ ಹಾಕಿಸಿದ್ದರೂ ಮೊದಲ ಸಾಲಿಗೇ ಅವರು ತಮ್ಮ ಬರಹದ ಗುರುತು ಹಿಡಿಯಬಹುದಿತ್ತು. ಸಂಚಿನಲ್ಲಿ ಪಾಲುಗಾರಳಾದ ನಮ್ಮ ಕಚೇರಿಯ ರೂಪಾಲಿ ಹೊತ್ತಿಗೆ ಮುಂಚೆ ಕಿಸಕ್ಕನೆ ನಗಬಹುದಿತ್ತು. ಸಾಕ್ಷಿಗೆಂದು ನಾನೇ ಮುಂದಿನ ಕುರ್ಚಿಯಲ್ಲಿ ಕೂರಿಸಿದ ನನ್ನ ಮಾವ ಹೋಳಿಗೆ ಉಂಡ ಅಮಲಿನಲ್ಲಿ ಗೊರಕೆ ಹೊಡೆಯಬಹುದಿತ್ತು. ಸರ್‌ಗೆ ಬಿಪಿ ಏರಿ, ಸನ್ಮಾನದ ಶಾಲು ಹೊದ್ದುಕೊಂಡೇ ಅವರು ದವಾಖಾನೆ ಸೇರಿ, ನನ್ನ ಸೇಡು ಪೊಲೀಸ್ ಠಾಣೆಯಲ್ಲಿ ಮುಗಿಯಬಹುದಿತ್ತು. ಇದೆಲ್ಲ ಸರಿಹೋದರೂ, ವರ್ಷಗಟ್ಟಲೆ ಕಾದ ಆ ಒಂದು ಮಾತು ಬಾಯಿಗೆ ಬರುವ ಹೊತ್ತಿಗೆ ನನಗೇ ಕೆಮ್ಮು ಹತ್ತಬಹುದಿತ್ತು.

ಇಷ್ಟು ನನ್ನ ಸ್ವಂತ ಚಿಂತೆಗಳು. ಇವು ಸಾಲದೆ, ಪ್ರೋಗ್ರಾಮು ಬರೆಯಲು ನೆರವಾಗಲಿ ಎಂದು ನಮ್ಮ ಕಚೇರಿಯಲ್ಲಿ ತಂದಿಟ್ಟಿದ್ದ ಎಐ ಸಹಾಯಕನನ್ನು ‘ಇನ್ನೇನೇನು ತಪ್ಪಬಹುದು?’ ಎಂದು ಕೇಳಿದೆ. ಅದು ತಲೆಬರಹ ಹಾಕಿ, ವಿಂಗಡಿಸಿ, ನನಗೆ ಹೊಳೆದೇ ಇರದ ಇನ್ನಷ್ಟು ಅನಾಹುತಗಳನ್ನು ಕೊಟ್ಟಿತು. ಚಿಂತೆ ಮಾಡುವವನ ಕೈಗೆ ಎಐ ಕೊಡುವುದೆಂದರೆ ಕುಡುಕನ ಕೈಗೆ ಅಂಗಡಿಯ ಕೀಲಿ ಕೊಟ್ಟಂತೆ.

ಇವುಗಳಲ್ಲಿ ಯಾವುದೂ ಆಗಲಿಲ್ಲ. ಆದದ್ದು ಬೇರೊಂದು, ತೀರಾ ಸಣ್ಣದು. ಅದಕ್ಕಿಂತ ಮೊದಲು, ಈ ಸೇಡು ಯಾರ ಮೇಲೆ, ಯಾಕೆ ಎಂಬುದನ್ನು ಹೇಳಬೇಕು.

ಮಲ್ಲಿನಾಥ ಸರ್ ಬೇರೆಯವರು ಬರೆದ ಕೋಡನ್ನು, ಅಂದರೆ ಪ್ರೋಗ್ರಾಮಿನ ಸಾಲುಗಳನ್ನು, ಗಟ್ಟಿಯಾಗಿ ಓದುತ್ತಿದ್ದರು. ನಮ್ಮದು ಸೋಲಾಪುರದಲ್ಲಿ ಒಂದು ಚಾದರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿರುವ ಪುಟ್ಟ ಸಾಫ್ಟ್‌ವೇರ್ ಕಚೇರಿ. ಟಾವೆಲ್ ಕಾರ್ಖಾನೆ, ದಾಲ್ ಮಿಲ್ಲು, ಮದುವೆಯ ಮಂಗಲ ಕಾರ್ಯಾಲಯ, ಇಂಥವರಿಗೆ ಪ್ರೋಗ್ರಾಮು ಮಾಡಿಕೊಡುವುದು ನಮ್ಮ ಹೊಟ್ಟೆಪಾಡು. ನಾವು ಬರೆದದ್ದು ಗಿರಾಕಿಯ ಕಡೆ ಹೋಗುವ ಮುನ್ನ ಹಿರಿಯರಾದ ಸರ್ ಅದನ್ನು ನೋಡಿ ಪಾಸು ಮಾಡಬೇಕು. ಬೇರೆ ಊರುಗಳಲ್ಲಿ ಈ ಕೆಲಸವನ್ನು ಸುಮ್ಮನೆ ಕೂತು ಕಣ್ಣಿನಿಂದ ಮಾಡುತ್ತಾರಂತೆ. ಸರ್ ಬಾಯಿಂದ ಮಾಡುತ್ತಿದ್ದರು. ಪ್ರಾಯದಲ್ಲಿ ಅವರಿಗೆ ರೇಡಿಯೋದಲ್ಲಿ ವಾರ್ತೆ ಓದುವ ಆಸೆ ಇತ್ತು. ಅದು ಅಲ್ಲಿ ಈಡೇರದೆ ನಮ್ಮ ತಲೆಯ ಮೇಲೆ ಈಡೇರುತ್ತಿತ್ತು.

ಮಧ್ಯಾಹ್ನದ ಚಹಾ ಬಂತೆಂದರೆ ಅವರು ಕುರ್ಚಿಯನ್ನು ನಮ್ಮ ಕಡೆ ತಿರುಗಿಸುತ್ತಿದ್ದರು. ಎತ್ತರದ ಒಣಕಲು ಮೈ, ಕೊರಳಿಗೆ ದಾರ ಕಟ್ಟಿದ ಚಾಳೀಸು, ಬುಶ್‌ಶರ್ಟಿನ ಕಿಸೆಯಲ್ಲಿ ಎಂದೂ ಹೊರಗೆ ಬಾರದ ಎರಡು ಪೆನ್ನು. ಗಂಟಲು ಸರಿಮಾಡಿಕೊಂಡು ಶುರು ಮಾಡುವರು: “ವಾರ್ತೆಗಳು. ಇಂದಿನ ಅಪಘಾತ, ಸಿದ್ರಾಮನ ಕೋಡಿನ್ಯಾಗ.” ಸಿದ್ರಾಮ ಎಂದರೆ ನಾನು. ಆಮೇಲೆ ಒಂದೊಂದೇ ಸಾಲು. ಕಂಸ ತೆರೆದಲ್ಲಿ “ಬಾಗಲಾ ತೆರದಾನ” ಎನ್ನುವರು, ಮುಚ್ಚಿದಲ್ಲಿ “ಬಾಗಲಾ ಹಾಕ್ಯಾನ” ಎನ್ನುವರು. ನಾನು ಮುಚ್ಚುವುದನ್ನು ಮರೆತಿದ್ದರೆ ಓದುವುದನ್ನು ಅಲ್ಲೇ ನಿಲ್ಲಿಸಿ, ಚಹಾ ಗುಟುಕರಿಸಿ, “ಬಾಗಲಾ ತೆರದ ಇಟ್ಟಾನಪಾ. ರಾತ್ರಿ ನಾಯಿ ಬಂದ್ರ ಯಾರ ಹೊಡೀಬೇಕು, ಇವನ ಮಾಮಾ?” ಎಂದು ಕಚೇರಿಯನ್ನೆಲ್ಲ ಕೇಳುವರು. ಕಚೇರಿ ನಗುತ್ತಿತ್ತು. ಚಹಾ ತರುವ ಹೋಟೆಲಿನವನೂ ನಗುತ್ತಿದ್ದ. ಅವನಿಗೆ ಕೋಡು ಗೊತ್ತಿರಲಿಲ್ಲ, ನಾಯಿ ಗೊತ್ತಿತ್ತು.

ನಾನು ಒಮ್ಮೆ ಧೈರ್ಯ ಮಾಡಿ “ಆದ್ರ ಓಡ್ತೈತಲ್ಲರಿ ಸರ್” ಎಂದಿದ್ದೆ.

“ಓಡ್ತೈತಿ ಅಂದ್ರ ಸರಿ ಐತಿ ಅಂತಲ್ಲೋ. ಕಳ್ಳನೂ ಓಡ್ತಾನ.”

ಈ ಮಾತನ್ನು ರೂಪಾಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಅದೂ ಮರಾಠಿಯಲ್ಲಿ. ಅವಳು ನಮ್ಮೆಲ್ಲರಿಗಿಂತ ಕಿರಿಯಳು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಕನ್ನಡ ಅಕ್ಷರವನ್ನು ಮಾತ್ರ ಓದಲು ಬಾರದೆ ಜಿಲೇಬಿ ಕಂಡಂತೆ ನೋಡುತ್ತಾಳೆ. ಆ ಗೋಡೆಬರಹ ನನ್ನ ಮೇಜಿನ ಎದುರಿಗೇ ಇತ್ತು. ಎಷ್ಟೋ ವರ್ಷ ಅದನ್ನು ನೋಡುತ್ತಲೇ ನಾನು ಉಪ್ಪಿಟ್ಟು ತಿಂದಿದ್ದೇನೆ.

ಇಷ್ಟಕ್ಕೇ ಮನುಷ್ಯ ಸೇಡು ಹಿಡಿಯುವುದಿಲ್ಲ. ಹಿಡಿದದ್ದು ನನ್ನ ಮದುವೆಯ ದಿನ.

ಅಕ್ಕಲಕೋಟದಲ್ಲಿ ಒಂದು ಮಂಗಲ ಕಾರ್ಯಾಲಯವಿದೆ. ಅದರ ಉಸ್ತುವಾರಿ ನನ್ನ ಮಾವನದು. ನನ್ನ ಮದುವೆ ಸಹಜವಾಗಿಯೇ ಅಲ್ಲಿ ಆಯಿತು. ಅದಕ್ಕೆ ತುಸು ಮುಂಚೆ ನಾನೊಂದು ತಪ್ಪು ಮಾಡಿದ್ದೆ. ಟಾವೆಲ್ ಕಾರ್ಖಾನೆಯೊಂದರ ಪಾವತಿ ಚೀಟಿ ಮುದ್ರಿಸುವ ಪ್ರೋಗ್ರಾಮಿನಲ್ಲಿ, ಮುದ್ರಿಸುತ್ತ ಹೋಗು ಎಂದು ಬರೆದವನು ಯಾವಾಗ ನಿಲ್ಲಿಸಬೇಕೆಂದು ಬರೆದಿರಲಿಲ್ಲ; ಸುತ್ತಿನ ಒಳಗೆ ಹೋದ ಪ್ರೋಗ್ರಾಮಿಗೆ ಹೊರಗೆ ಬರುವ ದಾರಿಯೇ ಇರಲಿಲ್ಲ. ಕಾರ್ಖಾನೆಯವರು ಸಂಜೆ ಬೀಗ ಹಾಕಿಕೊಂಡು ಹೋಗಿ, ಬೆಳಿಗ್ಗೆ ಬಂದು ಬಾಗಿಲು ತೆಗೆದರೆ ಕಾಗದ ಮೊಣಕಾಲಿನ ತನಕ ಬಂದಿತ್ತು. ಸರಿ, ತಪ್ಪು. ಅದಕ್ಕೆ ಕಚೇರಿಯಲ್ಲಿ ಒಂದು ವಾರ ವಾರ್ತೆಗಳು ಪ್ರಸಾರವಾದವು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಅಕ್ಷತೆ ಬಿದ್ದು, ನಾನು ಬಾಸಿಂಗ ಕಟ್ಟಿಕೊಂಡು ಬೆವರುತ್ತ ನಿಂತಾಗ ಸರ್ ವೇದಿಕೆ ಹತ್ತಿ ಬಂದರು. ಉಡುಗೊರೆಯ ಆಹೇರಿ ಕೈಗಿಟ್ಟರು. ನನ್ನ ಮಾವನ ಕೈ ಹಿಡಿದು, ಅದೇ ವಾರ್ತೆಯ ದನಿಯಲ್ಲಿ, ಎರಡೂ ಕಡೆಯ ಬೀಗರಿಗೆ ಕೇಳುವಂತೆ ಹೇಳಿದರು: “ಹುಡುಗಾ ಛಲೋ ಅದಾನ್ರಿ. ಒಂದೇ ಒಂದು, ಒಳಗ ಹೋಗೂದು ಗೊತ್ತೈತಿ ಅವಗ, ಹೊರಗ ಬರೂದು ಗೊತ್ತಿಲ್ಲ.”

ಮಾವನಿಗೆ ಕೋಡಿನ ಗಂಧವಿರಲಿಲ್ಲ. ಆದರೆ ಮಾತು ಬಹಳ ಹಿಡಿಸಿಬಿಟ್ಟಿತು. ಅಂದಿನಿಂದ ಇಪ್ಪತ್ತು ವರ್ಷ, ಹಬ್ಬ, ಹುಣ್ಣಿಮೆ, ಯಾರದೇ ಮನೆಯ ತೊಟ್ಟಿಲು, ಎಲ್ಲಿ ನಾನು ಕಂಡರೂ ಅದೇ. ನಾನು ಬಚ್ಚಲಿಗೆ ಹೋದರೆ ಹೊರಗಿನಿಂದ, “ಅಳ್ಯಾ ಹೊರಗ ಬರೂ ದಾರಿ ನೋಡಿಕೊಂಡ ಹೋಗ್ಯಾನಿಲ್ಲೋ?” ಬ್ಯಾಂಕಿನಲ್ಲಿ ಮನೆಸಾಲ ತೆಗೆದೆ ಎಂದರೆ, ಮರಾಠಿಯಲ್ಲಿ ಅಳಿಯನ ಮರ್ಯಾದೆ ಕೊಟ್ಟು, “ಒಳಗ ಹೋದ್ರಲ್ಲಾ ಜಾವಾಯಿಬಾಪು, ಇನ್ನ ಹೊರಗ?” ನನ್ನ ಮಕ್ಕಳು ನಗಲು ಕಲಿತದ್ದೇ ಈ ಮಾತಿಗೆ. ಹೆಂಡತಿ “ಅಪ್ಪಾ, ಸಾಕ್ ಬಿಡ್ರಿ” ಎನ್ನುತ್ತಿದ್ದಳು, ಸೆರಗು ಬಾಯಿಗೆ ಅಡ್ಡ ಹಿಡಿದು. ಸೆರಗಿನ ಹಿಂದೆ ಏನಿತ್ತೆಂದು ನನಗೆ ಗೊತ್ತಿಲ್ಲವೇ?

ನಾನು ಮನಸ್ಸಿನಲ್ಲಿ ಒಂದು ಪ್ರತಿಜ್ಞೆ ಮಾಡಿಕೊಂಡೆ. ಇದೇ ಮಾವನ ಎದುರು, ಇದೇ ಕಾರ್ಯಾಲಯದಲ್ಲಿ, ಒಂದು ದಿನ ಮಲ್ಲಿನಾಥ ಸರ್ ಅವರ ಕೋಡನ್ನು ಅದೇ ದನಿಯಲ್ಲಿ ಓದಿಸಬೇಕು. ನನ್ನಂಥ ಪುಕ್ಕಲನ ಪ್ರತಿಜ್ಞೆ ಎಂದರೆ ಮಾಡಿದ ಮೇಲೆ ನಿದ್ದೆ ಬರುವುದಿಲ್ಲ ಅಷ್ಟೇ. ಬೇರೇನೂ ಆಗುವುದಿಲ್ಲ. ಅದು ಹಾಗೆಯೇ ಒಳಗೇ ಕೂತು, ಉಪ್ಪಿನಕಾಯಿಯಂತೆ ವರ್ಷ ಹೋದಷ್ಟೂ ರುಚಿ ಏರಿತು.

ಹೀಗಿರುವಾಗ ನಮ್ಮ ಕಚೇರಿಗೆ ಎಐ ಬಂತು.

ಮೊದಮೊದಲು ನಾವು ಅದನ್ನು ಮದುವೆಮನೆಗೆ ಬಂದ ಹೊಸ ಅಡುಗೆ ಆಚಾರಿಯಂತೆ ದೂರದಿಂದ ನೋಡಿದೆವು. ಆಮೇಲೆ ಅದಿಲ್ಲದೆ ಒಗ್ಗರಣೆ ಹಾಕುವುದೂ ಮರೆತುಹೋಯಿತು. ಪ್ರೋಗ್ರಾಮು ನಿಂತರೆ ಯಾಕೆ ನಿಂತಿತೆಂದು ಕೇಳುವುದು, ಪರೀಕ್ಷೆಗೆ ಸುಳ್ಳು ಗಿರಾಕಿಗಳನ್ನು ಹುಟ್ಟಿಸುವುದು, ಹಳೆಯ ಕಾಲದ ಪ್ರೋಗ್ರಾಮುಗಳನ್ನು ಹೊಸ ಭಾಷೆಗೆ ತಿರುಗಿಸುವುದು, ಎಲ್ಲಕ್ಕೂ ಅದೇ. ನಾನು ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕನ್ನಡ ಬರೆಯುತ್ತಿದ್ದೆ, ನಡುವೆ ಮರಾಠಿ ಸುರಿಯುತ್ತಿದ್ದೆ. ಅದಕ್ಕೆ ಎಲ್ಲ ತಿಳಿಯುತ್ತಿತ್ತು. ‘ಇದನ್ನು ಗಿರಾಕಿಗೆ ಕಳಿಸಲೇ, ಏನೂ ಆಗುವುದಿಲ್ಲವಲ್ಲ, ಖಾತ್ರಿಯಾ, ಇನ್ನೊಮ್ಮೆ ನೋಡು’ ಎಂದು ನಾನು ನಾಲ್ಕು ಸಲ ಕೇಳಿದರೂ ನಾಲ್ಕು ಸಲವೂ ಮೊದಲ ಸಲದಷ್ಟೇ ತಾಳ್ಮೆಯಿಂದ ಹೇಳುತ್ತಿತ್ತು. ನನ್ನ ಹೆಂಡತಿಗೂ ಈ ಗುಣ ಇಲ್ಲ.

ಸರ್ ಅದನ್ನು ‘ಹೊಸಾ ಅಳ್ಯಾ’ ಎಂದು ಕರೆದರು. “ಏನ್ ಅಂದ್ರೂ ಬರೋಬರ್ ಐತ್ರಿ ಅಂತೈತಿ. ಮಾಡೂದು ಮಾತ್ರ ತನಗ ತಿಳದದ್ದು.” ಅದು ಬರೆದದ್ದನ್ನೂ ಚಹಾದ ಹೊತ್ತಿಗೆ ಓದಿದರು, ನಮಗೆ ಓದಿದ್ದಕ್ಕಿಂತ ಖಾರವಾಗಿ. ಓದಿದ ಬೈಗುಳವನ್ನು ಕೀಲಿಮಣೆಯಲ್ಲಿ ಬಡಿದು ಅದಕ್ಕೂ ತಿಳಿಸಿದರು. ಅದು, ಧನ್ಯವಾದ, ಒಳ್ಳೆಯ ಸಲಹೆ, ತಿದ್ದುತ್ತೇನೆ ಎಂದಿತು. ಸರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

“ಬೈದ್ರೂ ಮಾರಿ ಸಣ್ಣದು ಮಾಡಂಗಿಲ್ಲಲ್ಲೋ ಇದು! ಇದಕ್ಕ ಬೈಯೂದು ಅಂದ್ರ ಕಲ್ಲಿಗಿ ಬುದ್ಧಿ ಹೇಳಿದಂಗ.”

ಅವರ ಓದು ನಿಂತಿದ್ದು ನಮ್ಮ ಸಣ್ಣಗಾಗುವ ಮುಖಗಳ ಮೇಲೆ ಎಂದು ಅಂದು ನನಗೆ ಹೊಳೆಯಿತು. ಹೊಳೆದು, ಸೇಡಿಗೆ ಇನ್ನೊಂದು ಪಾವು ಉಪ್ಪು ಬಿತ್ತು.

ಆದರೆ ಅವರು ಒಮ್ಮೆ ನಿಜವಾಗಿ ಸಿಟ್ಟಾದದ್ದು ಬೇರೆ ಕಾರಣಕ್ಕೆ. ಎಐ ಬರೆದ ಒಂದು ಸಾಲು ತೀರಾ ಸರಿಯಾಗಿತ್ತು. ಸರ್ ಸುಮ್ಮನೆ ಕೆಣಕಲೆಂದು ‘ಈ ಸಾಲು ತಪ್ಪು’ ಎಂದು ಬರೆದರು. ಅದು ತಕ್ಷಣ, ನೀವು ಹೇಳಿದ್ದು ಸರಿ, ಕ್ಷಮಿಸಿ ಎಂದು, ಸರಿ ಇದ್ದದ್ದನ್ನು ಕೆಡಿಸಿಕೊಟ್ಟಿತು. ಸರ್ ಎದ್ದು ನಿಂತುಬಿಟ್ಟರು.

“ನಾಚಿಕಿ ಇಲ್ಲೇನ್ರೋ ಇದಕ್ಕ? ಸರಿ ಇದ್ದದ್ದಕ್ಕ ತಪ್ಪ ಅಂತ ಒಪ್ಪಿಕೊಂಡ್ತು! ತಪ್ಪ ಬರಿಯಾವನ್ನ ತಿದ್ದಬಹುದು. ತನ್ನದು ಸರಿ ಐತಿ ಅಂತ ಗೊತ್ತಿದ್ದೂ ತಪ್ಪ ಅನ್ನಾವನ್ನ ಏನ್ ಮಾಡ್ತಿ?”

“ಸರ್, ಮಶೀನ್ ಆಹೇ ತೇ” ಎಂದಳು ರೂಪಾಲಿ. ಅದು ಮಶೀನು ಸರ್, ಅಷ್ಟೇ.

“ಮಶೀನ್ ಇರಲಿ, ಮಹಾರಾಜ ಇರಲಿ” ಎಂದು ಅವರು ಚಹಾ ಕುಡಿಯದೆ ಹೊರಗೆ ಹೋದರು. ಆ ದಿನ ವಾರ್ತೆ ಇರಲಿಲ್ಲ. ಇಷ್ಟು ವರ್ಷ ಅವರು ನನ್ನ ತಪ್ಪನ್ನು ತಪ್ಪೆಂದು ಊರಿಗೆಲ್ಲ ಸಾರಿದ್ದರು, ನಿಜ. ನನ್ನ ಸರಿಯನ್ನು ಒಮ್ಮೆಯೂ ತಪ್ಪೆಂದಿರಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ನನಗೆ ಸೇರುವುದಿಲ್ಲ, ಆದರೂ ಲೆಕ್ಕಕ್ಕಿರಲಿ.

ಅವರು ನಿವೃತ್ತರಾಗುವ ದಿನ ಹತ್ತಿರ ಬಂತು. ಸರ್ ಇದ್ದದ್ದು ಅಕ್ಕಲಕೋಟದಲ್ಲಿ. ದಿನಾ ಬಸ್ಸಿನಲ್ಲಿ ಸೋಲಾಪುರಕ್ಕೆ ಬಂದು ಹೋಗುತ್ತಿದ್ದರು. ಹಾಗಾಗಿ ಬೀಳ್ಕೊಡುಗೆ ಅಕ್ಕಲಕೋಟದಲ್ಲೇ ಆಗಲಿ ಎಂದಾಯಿತು. ನನ್ನ ಮಾವ ಮುಹೂರ್ತವಿಲ್ಲದ ಒಂದು ದಿನ ಕಾರ್ಯಾಲಯ ಬಿಟ್ಟುಕೊಡುತ್ತೇನೆಂದರು. ಅದೇ ಮಾವ, ಅದೇ ಕಾರ್ಯಾಲಯ. ವಿಧಿ ಇಷ್ಟು ನೀಟಾಗಿ ಎಲೆ ಹಾಕಿ ಬಡಿಸಿದಾಗ ಉಣ್ಣದೆ ಏಳುವುದು ಪಾಪ.

ಯೋಜನೆ ಸರಳ, ನನ್ನನ್ನು ಬಿಟ್ಟರೆ ಗೊತ್ತಿದ್ದದ್ದು ರೂಪಾಲಿಗೆ ಮಾತ್ರ. ಆ ಕಾರ್ಯಾಲಯದ ಬುಕಿಂಗ್ ನಡೆಯುವುದೇ ಸರ್ ಹಿಂದೊಮ್ಮೆ ಬರೆದ ಪ್ರೋಗ್ರಾಮಿನಲ್ಲಿ. ಅದು ಅವರ ಹೆಮ್ಮೆ. ಅದನ್ನು ಎಐಗೆ ಕೊಟ್ಟು, ಹೊಸ ಭಾಷೆಗೆ ತಿರುಗಿಸಿ, ಒಳಗಿನ ಹೆಸರುಗಳನ್ನೆಲ್ಲ ಬದಲಿಸಿ, ಲೆಕ್ಕವನ್ನು ಮಾತ್ರ ಮುಟ್ಟದೆ, ವೇಷ ಹಾಕಿಸುವುದು. ‘ಇದು ಎಐ ಬರೆದದ್ದು ಸರ್, ಕೊನೇ ಸಲ ಓದ್ರಿ’ ಎಂದು ಕೊಡುವುದು. ಅವರು ಎಲ್ಲರೆದುರು ಅದರ ಚರ್ಮ ಸುಲಿದ ಮೇಲೆ, ‘ಸರ್, ಇದು ನೀವ ಬರದದ್ದು’ ಎನ್ನುವುದು. ಈ ಒಂದು ವಾಕ್ಯವನ್ನು ನಾನು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಎಷ್ಟು ದಿನ ಅಭ್ಯಾಸ ಮಾಡಿದೆನೋ.

ಎಐ ವೇಷ ಚೆನ್ನಾಗಿ ಹಾಕಿತು. ಒಂದು ಕಡೆ ಮಾತ್ರ ತಕರಾರು ತೆಗೆಯಿತು. ‘ಇಲ್ಲಿ ದಿನವು ಸಂಜೆ ಐದಕ್ಕೆ ಶುರುವಾಗುತ್ತಿದೆ. ಇದು ತಪ್ಪಿರಬಹುದು. ರಾತ್ರಿ ಹನ್ನೆರಡಕ್ಕೆ ಬದಲಿಸಲೇ?’ ನಾನು ಬೇಡ ಎಂದೆ. ನಮ್ಮ ಕಡೆ ಮದುವೆಯ ಕಾರ್ಯಾಲಯದಲ್ಲಿ ದಿನ ಹುಟ್ಟುವುದು ಹಿಂದಿನ ಸಂಜೆಯೇ. ಬೀಗರು ಅರಿಶಿನದ ಶಾಸ್ತ್ರಕ್ಕೆ ಹಿಂದಿನ ಸಂಜೆ ಬಂದಿಳಿಯುತ್ತಾರೆ, ಮರುದಿನ ಅಕ್ಷತೆ ಬಿದ್ದು ಊಟ ಮುಗಿದು ಸಂಜೆಯೊಳಗೆ ಖಾಲಿ ಮಾಡುತ್ತಾರೆ. ನಡುರಾತ್ರಿಗೆ ದಿನ ಬದಲಿಸಿದರೆ ಒಂದೇ ಹಾಲಿನಲ್ಲಿ ಒಬ್ಬರ ಊಟ, ಇನ್ನೊಬ್ಬರ ಅರಿಶಿನ. ಇದನ್ನು ಮೊದಲು ಕಂಡುಕೊಂಡು ಕೋಡಿಗಿಳಿಸಿದ್ದು ಸರ್. ಅವರ ಜೀವಮಾನದ ಅತಿ ಚೆಂದದ ಸಾಲು ಅದು ಎಂದು ಶತ್ರುವಾದ ನಾನೇ ಹೇಳುತ್ತೇನೆ.

ಯಾಕೆ ಇದೆಲ್ಲ ಎಂದು ಎಐ ಕೇಳಿರಲಿಲ್ಲ. ಒಳಗಿನ ಒತ್ತಡ ತಾಳಲಾರದೆ ನಾನೇ ಹೇಳಿದೆ. ಮದುವೆಯ ಮಾತು, ಮಾವನ ಮಾತು, ಬಚ್ಚಲಿನ ಮಾತು, ಎಲ್ಲ. ಅದು ಸಮಾಧಾನದಿಂದ ಕೇಳಿ, ಹಿರಿಯರನ್ನು ಎಲ್ಲರೆದುರು ಅವಮಾನಿಸುವುದಕ್ಕಿಂತ ಅವರೊಡನೆ ನೇರವಾಗಿ ಮಾತಾಡಿದರೆ ಹೇಗೆ ಎಂದಿತು. ನೇರವಾಗಿ ಮಾತಾಡಲು ಬರುತ್ತಿದ್ದರೆ ಮನುಷ್ಯ ಇಪ್ಪತ್ತು ವರ್ಷ ಸೇಡು ಸಾಕುತ್ತಾನೆಯೇ? ಇದು ಅದಕ್ಕೆ ತಿಳಿಯಲಿಲ್ಲ. ತಿಳಿದಂತೆ ನಟಿಸಿತು. ಆಮೇಲೆ ನಾನು ಏನು ಕೇಳಿದರೂ, ಅಂದು ಯಾವ ಅಂಗಿ ಹಾಕಲಿ ಎಂಬಲ್ಲಿಂದ ಹಿಡಿದು, ಸಲಹೆ ಕೊಡುತ್ತಲೇ ಹೋಯಿತು.

ಆ ದಿನ ಹುಗ್ಗಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಖಡಕ್ ಭಾಕರಿ. ಸರ್‌ಗೆ ಶಾಲು ಹೊದಿಸಿ, ತೆಂಗಿನಕಾಯಿ ಕೈಗಿಟ್ಟು, ತಲೆಗೆ ಕೇಸರಿ ಫೇಟಾ ಸುತ್ತಿದರು. ಫೇಟಾದಲ್ಲಿ ಅವರು ಇನ್ನೂ ಎತ್ತರವಾಗಿ, ಇನ್ನೂ ಒಣಕಲಾಗಿ ಕಂಡರು. ಭಾಷಣಗಳಾದವು. ನಾನು ಹಾಳೆಗಳನ್ನು ಹಿಡಿದುಕೊಂಡು ಎದ್ದೆ. ಮಾವ ಎಚ್ಚರವಿದ್ದಾರೆಯೇ ನೋಡಿದೆ. ಇದ್ದರು.

“ಸರ್, ಹೊಸಾ ಅಳ್ಯಾ ನಿಮಗ ಕಡೇ ಕಾಣಿಕಿ ಕಳಸ್ಯಾನ. ನಮ್ಮ ಮಾವಾರ ಕಾರ್ಯಾಲಯಕ್ಕ ಅಂತ ಬುಕಿಂಗ್ ಪ್ರೋಗ್ರಾಮ್ ಬರದಾನ. ಒಮ್ಮೆ ಓದಬೇಕು.”

ಸರ್ ಹಾಳೆ ತೆಗೆದುಕೊಂಡರು. ಚಾಳೀಸು ಏರಿಸಿದರು. ನನ್ನ ಮುಖವನ್ನೊಮ್ಮೆ ನೋಡಿದರು. ಗಂಟಲು ಸರಿಮಾಡಿಕೊಂಡರು.

“ವಾರ್ತೆಗಳು.”

ಇಡೀ ಸಭೆ ಚಪ್ಪಾಳೆ ತಟ್ಟಿತು.

“ಮೊದಲನೇ ಸಾಲಿನ್ಯಾಗ ಇಡೀ ಊರ ಮಂದಿ ಹೆಸರೆಲ್ಲಾ ಕರದಾನ. ಲಗ್ನಾ ಇನ್ನ ಸುರು ಆಗಿಲ್ಲ, ಬೀಗರ ಪೈಕಿ ಎಲ್ಲಾ ಬಂದು ಕುಂತಾರ. ಇದರಾಗ ಕೆಲಸಾ ಮಾಡವ್ರ ಯಾರು ಅಂತ ನೋಡಿದ್ರ ಇಬ್ಬರು. ಉಳದವ್ರು ಊಟಕ್ಕ.” ನಗು. “ಇಲ್ಲಿ ಕೇಳ್ತಾನ, ತಾರೀಖ ಖಾಲಿ ಐತೇನು? ಐತಿ. ಮುಂದಿನ ಸಾಲಿನ್ಯಾಗ ಮತ್ತ ಕೇಳ್ತಾನ, ಖರೇನ ಖಾಲಿ ಐತೇನು? ಅಲ್ಲೋ, ನೀ ಹೆಣ್ಣ ನೋಡಾಕ ಬಂದೀಯೋ, ಪಂಚನಾಮಾ ಮಾಡಾಕ ಬಂದೀಯೋ?” ಮಾವ ತೊಡೆ ತಟ್ಟಿಕೊಂಡರು. ರೂಪಾಲಿ ದುಪಟ್ಟಾ ಬಾಯಿಗಿಟ್ಟುಕೊಂಡು ನೆಲ ನೋಡುತ್ತಿದ್ದಳು. ಸರ್ ಅಷ್ಟು ಚೆನ್ನಾಗಿ ಯಾವತ್ತೂ ಓದಿರಲಿಲ್ಲ. ಪ್ರತಿ ಸಾಲಿಗೂ ಒಂದು ಬಾರುಕೋಲು. ನಾನು ಒಳಗೇ ಎಣಿಸುತ್ತಿದ್ದೆ: ಇದು ನನ್ನ ಮದುವೆಗೆ, ಇದು ನಾಯಿಗೆ, ಇದು ಗೋಡೆಯ ಮೇಲಿನ ಕಳ್ಳನಿಗೆ.

ನಡುವೆ ಒಂದು ಕಡೆ ಅವರು ನಿಂತರು. ಚಾಳೀಸು ತೆಗೆದು ಶಾಲಿನ ಅಂಚಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು.

“ಇಲ್ಲಿ ನೋಡ್ರಿ. ಇವನ ದಿನಾ ಸಂಜಿ ಐದಕ್ಕ ಹುಟ್ಟತೈತಿ. ಹೊತ್ತ ಮುಳಗೂ ಯಾಳೇಕ್ಕ ಇವನ ಕೋಳಿ ಕೂಗತೈತಿ. ಇದ... ಇದ ತಪ್ಪು.”

ನನ್ನ ಮಾವ ಎದ್ದು ನಿಂತರು. “ಏ ಮಲ್ಲಿನಾಥ್‌ರ, ತಪ್ಪ ಎಲ್ಲಿಂದ ಬಂತ್ರಿ? ಅರಿಷಿಣಕ್ಕ ಮಂದಿ ಹಿಂದಿನ ಸಂಜಿಕ್ಕ ಬರಂಗಿಲ್ಲೇನು? ನಮ್ಮ ಕಾರ್ಯಾಲಯ ನಡಿಯೂದ ಹಂಗ. ನೀವ ಮಾಡಿಕೊಟ್ಟದ್ರಾಗೂ ಹಿಂಗ ಐತಲ್ಲ!”

ಇಷ್ಟು ಒಳ್ಳೆಯ ಮುಹೂರ್ತ ಯಾವ ಪಂಚಾಂಗದಲ್ಲೂ ಸಿಗುತ್ತಿರಲಿಲ್ಲ. ನಾನು ಎದ್ದೆ. ಕೆಮ್ಮು ಬರಲಿಲ್ಲ.

“ಸರ್, ಇದು ಮಶೀನ್ ಬರದದ್ದಲ್ಲ. ಇದು ನೀವ ಬರದದ್ದು.”

ಸರ್ ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. “ಆಂ? ನಂದಾ?” ಎಂದರು. ಅಂಗೈಯಿಂದ ಹಣೆ ಬಡಿದುಕೊಂಡಾಗ ಫೇಟಾ ಓರೆಯಾಯಿತು. ಆಮೇಲೆ ಎದ್ದ ನಗುವಿಗೆ ಅಡುಗೆಯವರು ಸೌಟು ಹಿಡಿದು ಹೊರಗೆ ಬಂದರು. ಮಾವ ನನ್ನ ಬೆನ್ನಿನ ಮೇಲೆ ಗುದ್ದುತ್ತ, “ಭಲೇ ಅಳ್ಯಾ! ಹಿರಿ ಮಂದೀನ ಕೆಡವಿದ್ಯಲ್ಲೋ! ಇಷ್ಟ ತಲಿ ಐತಿ ಅಂತ ನನಗ ಯಾರೂ ಹೇಳಿರಲಿಲ್ಲಲ್ಲಪಾ” ಎಂದರು. ಅಂದಿನಿಂದ ಇಂದಿನವರೆಗೂ ಅವರು ಒಳಗೆ ಹೊರಗೆ ಎಂಬ ಆ ಮಾತನ್ನು ಆಡಿಲ್ಲ. ಈಗ ಎಲ್ಲರ ಹತ್ತಿರ ಹೇಳುವುದು ನನ್ನ ಅಳಿಯ ಮಲ್ಲಿನಾಥರನ್ನು ಕೆಡವಿದ ಕಥೆ.

ಕೆಟ್ಟ ಮನುಷ್ಯ ಎಂದುಕೊಳ್ಳುತ್ತೀರಿ. ಎಂದುಕೊಳ್ಳಿ. ಆ ದಿನ ನಾನು ಇನ್ನೂ ಎರಡು ಹೋಳಿಗೆ ತಿಂದೆ. ನನ್ನ ಪಿತ್ತದ ಚಿಂತೆಯನ್ನೂ ಮಾಡಲಿಲ್ಲ.

ಸಂಜೆ ಸರ್ ಅವರನ್ನು ನನ್ನ ಗಾಡಿಯ ಮೇಲೆ ಮನೆಗೆ ಬಿಡಲು ಹೋದೆ. ಗೆದ್ದವನ ದೊಡ್ಡಸ್ತಿಕೆ. ಅವರು ಹಿಂದೆ ಕೂತು ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಓರೆಯಾದ ಫೇಟಾ ಹಿಡಿದಿದ್ದರು. ಊರ ಮಠಕ್ಕೆ ಯಾತ್ರೆಗೆ ಬಂದವರ ಗದ್ದಲ ದಾಟಿ ಅವರ ಓಣಿಗೆ ತಿರುಗಿದೆವು. ಮನೆಯ ಮುಂದೆ ಇಳಿದು ಶಾಲು ಸರಿಮಾಡಿಕೊಂಡರು. ನನಗೆ ಒಳಗಿಂದೊಳಗೆ ಭಯ ಶುರುವಾಗಿತ್ತು. ಬೈಯುತ್ತಾರೆಯೇ? ಅಳುತ್ತಾರೆಯೇ?

“ಸಿದ್ರಾಮಾ, ಛಲೋ ಓದಿದ್ನೇನೋ?”

“ಭಾಳ ಛಲೋ ಓದಿದ್ರಿ ಸರ್.”

“ಉಳದದ್ದೆಲ್ಲಾ ನಡೀತಪಾ. ಹೆಸರಾ ಭಾಳ ಕರದಿದ್ದೆ, ಎರಡೆರಡ ಸಲಾ ಕೇಳಿದ್ದೆ, ಅವು ಖರೇನ ತಪ್ಪು. ಆ ಸಂಜಿ ಐದರದ ಮಾತ್ರ...” ಅವರು ತೆಂಗಿನಕಾಯಿಯ ಜುಟ್ಟನ್ನು ತಿರುವುತ್ತಿದ್ದರು. “ಸರಿ ಐತಿ ಅಂತ ಗೊತ್ತಿದ್ದೂ ತಪ್ಪ ಅನ್ನಾಕ ನಾಲಿಗಿ ಏಳವಲ್ತಾಗಿತ್ತು. ನಿಮ್ಮ ಮಾವಾ ಎದ್ದ, ಛಲೋ ಆತು.”

ನನಗೆ ತಿಳಿಯಲಿಲ್ಲ. “ಗೊತ್ತಿದ್ದೂ ಅಂದ್ರ?” ಎಂದೆ.

“ಓದೂಕಿಂತ ಮೊದಲ ಸರ್‌ಗ ಚಾ ಕೊಡ್ಲೋ, ಓದಿದ ಮ್ಯಾಲೆ ಕೊಡ್ಲೋ ಅಂತ ಕೇಳಿದ್ದ್ಯಲ್ಲ ಆ ಹೊಸಾ ಅಳ್ಯಾಗ. ಅದು ಮೊದಲ ಕೊಡ್ರಿ ಅಂತ ಹೇಳಿತ್ತು. ನೀ ಕೊಡಲಿಲ್ಲ. ಗಂಟಲಾ ಒಣಗಿ ಹೋಗಿತ್ತು ನೋಡು.”

ಬಾಗಿಲು ತೆರೆದು ಒಳಗೆ ಹೋದರು. ಹೋಗುವಾಗ ಹಿಂತಿರುಗಿ, “ಹುಷಾರ್ ಹೋಗು” ಎಂದರು. ಆ ವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಡುವೆ ಹೋಗಿ ಭೇಟಿಯಾಗಬೇಕೆಂದು ಎಷ್ಟೋ ಸಲ ಗಾಡಿ ಹೊರಗೆ ತೆಗೆದೆ. ಹೋಗಿ ಏನು ಹೇಳುವುದು ಎಂಬ ಚಿಂತೆಯಲ್ಲಿ ಒಳಗಿಟ್ಟೆ.

ಅಂದು ಆ ಓಣಿಯಲ್ಲಿ ಗಾಡಿಯ ಮೇಲೆ ಕೂತು ನಾನು ತುಂಬ ಹೊತ್ತು ಯೋಚಿಸಿದೆ. ಚಹಾದ ಆ ಪ್ರಶ್ನೆಯನ್ನು ನಾನು ರೂಪಾಲಿಗೂ ಕೇಳಿರಲಿಲ್ಲ, ಹೆಂಡತಿಗೂ ಕೇಳಿರಲಿಲ್ಲ. ಎಐಗೆ ಮಾತ್ರ ಕೇಳಿದ್ದೆ. ಅಂದರೆ ಅವರು ಎಲ್ಲವನ್ನೂ ಓದಿದ್ದರು. ಮದುವೆಯ ಮಾತು, ಬಚ್ಚಲಿನ ಮಾತು, ಎಲ್ಲ. ಓದಿ, ಗೊತ್ತಿದ್ದೂ, ಫೇಟಾ ಕಟ್ಟಿಕೊಂಡು ಬಂದು, ನನ್ನ ಮಾವನ ಎದುರು ತಮ್ಮ ಬೆನ್ನಿಗೆ ತಾವೇ ಬಾರುಕೋಲು ಬಾರಿಸಿಕೊಂಡಿದ್ದರು. ಇಪ್ಪತ್ತು ವರ್ಷ ಕಾದು ನಾನು ಕಸಿದುಕೊಂಡದ್ದನ್ನು ಅವರು ಕಾಣಿಕೆ ಮಾಡಿಬಿಟ್ಟಿದ್ದರು. ಉಳಿದದ್ದಕ್ಕೆಲ್ಲ ಕ್ಷಮಿಸಿದ್ದೇನೆ. ಇದೊಂದಕ್ಕೆ ಇನ್ನೂ ಕ್ಷಮಿಸಿಲ್ಲ.

ನಮ್ಮ ಮಾಲೀಕರು ಖರ್ಚು ಉಳಿಯಲೆಂದು ಇಡೀ ಕಚೇರಿಗೆ ಎಐಯ ಒಂದೇ ಖಾತೆ ಕೊಂಡಿದ್ದರು. ಪಾಸ್‌ವರ್ಡು ಎಲ್ಲರಿಗೂ ಅದೇ. ಯಾರು ಏನು ಕೇಳಿದರೂ ತೆರೆಯ ಎಡಗಡೆ ಸಾಲಾಗಿ ಬಿದ್ದಿರುತ್ತಿತ್ತು, ಎಲ್ಲರಿಗೂ ಕಾಣುವಂತೆ. ಅದೊಂದರ ಬಗ್ಗೆ ನಾನು ಚಿಂತೆ ಮಾಡಿರಲಿಲ್ಲ.